ತೆಪ್ಪಗೆ

ಹೆಸರು ತೆಪ್ಪೇಯಿ. ಬಂದ ದಿನವೇ ಹುಡುಗರು
ತೆಪ್ಪ ಅಂತ ಕರೆದರು. ಆಮೇಲೆ
ಬಾಯಿ ಬಿಡದ್ದು ನೋಡಿ, ತೆಪ್ಪಗೆ.

ಅಶೋಕನಗರದ ಮೈದಾನದಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ
ಎರಡು ಮಷೀನು, ಒಂದು ಕಲ್ಲು, ನಾನು.
ಇಪ್ಪತ್ತೆಂಟು ಜನರ ಬೆವರು ನನಗೆ ವಾಸನೆಯಲ್ಲೇ ಗೊತ್ತು.
ಅಂಗಿ ಮುದ್ದೆ ಮಾಡಿ ದೂರದಿಂದ ಬಕೆಟ್ಟಿಗೆ ಎಸೆಯುತ್ತಾರೆ,
ಬಿದ್ದರೆ ಗೋಲು ಅಂತ ಕೂಗು.
ಇವನು ಮಡಿಸಿ ತರುತ್ತಾನೆ.
ಒಗೆಯಲು ಕೊಡುವುದನ್ನು ಯಾರಾದರೂ ಮಡಿಸುತ್ತಾರೆಯೇ?
ಕಾಲುಚೀಲ ತಿರುವಿ, ಒಳಗೆ ಸೇರಿದ ಕರಿ ರಬ್ಬರು ಕಾಳನ್ನು
ಸಾಸಿವೆ ಹಸನು ಮಾಡಿದ ಹಾಗೆ ಬಾಗಿಲಾಚೆ ಕೊಡವಿ,
ಆಮೇಲೆ ಒಳಗೆ.

ಒಂದು ಸಂಜೆ ಫೋನು ಹಿಡಿದ.
ಅವನು ಗೊಣಗಿದ್ದನ್ನು ಅದರೊಳಗಿನ ಹೆಂಗಸು
ರೇಡಿಯೋ ವಾರ್ತೆಯ ಹಾಗೆ ಹೇಳಿದಳು:
ನಾನು ಹಿಮ ಬೀಳುವ ಪ್ರಾಂತ್ಯದಲ್ಲಿ ಜನಿಸಿದೆನು.
ಹದಿನೆಂಟನೆಯ ವಯಸ್ಸಿನಲ್ಲಿ ವೃತ್ತಿಪರನಾದೆನು.
ಎರಡು ವರ್ಷಗಳ ತರುವಾಯ ನನ್ನನ್ನು ವಿಸರ್ಜಿಸಲಾಯಿತು.
ನಕ್ಕುಬಿಟ್ಟೆ. ಹಲಸೂರು ಕೆರೆಯಲ್ಲಿ
ಗಣಪತಿಯನ್ನಲ್ಲವೇ ವಿಸರ್ಜಿಸುವುದು?
ನಾನು ನಕ್ಕದ್ದಕ್ಕೆ ಅವನೂ ನಕ್ಕ.

ಆಮೇಲೆ ಮೂರನೇ ದರ್ಜೆಯ ತಂಡ. ಬೆಳಗಿನ ಜಾವ
ಮೀನು ಮಾರುಕಟ್ಟೆಯಲ್ಲಿ ಐಸು ಒಡೆದು, ಹತ್ತಕ್ಕೆ ಅಭ್ಯಾಸ.
ಆಮೇಲೆ ಲಾಟ್ವಿಯಾ. ಎಲ್ಲಿದೆ ಅಂದೆ.
ಗೋಡೆಯ ತೇವದ ಕಲೆಯೊಂದರ ಮೇಲೆ ಬೆರಳಿಟ್ಟ.
ಲಾವೋಸ್. ಆರು ತಿಂಗಳು, ಹನ್ನೊಂದು ತಿಂಗಳು, ಒಂದು ಕಡೆ
ಸಂಬಳ ಕೊಡದೆ ಅಧ್ಯಕ್ಷನೇ ಪರಾರಿ.
ಮಂಗೋಲಿಯಾದಲ್ಲಿ ಮೊಣಕಾಲು.
ಮೊಣಕಾಲು ಏನಾಯಿತೆಂದು ಫೋನು ಹೇಳಲಿಲ್ಲ,
ಚಾರ್ಜು ಮುಗಿದಿತ್ತು.
ಚಡ್ಡಿಯ ಕೆಳಗೆ ಕಾಣುತ್ತದಲ್ಲ, ರೈಲು ಹಳಿಯಂಥ ಹೊಲಿಗೆ.
ನಮ್ಮ ಬೀದಿಯ ಟೈಲರ್ ವಾಜಿದ್ ಇನ್ನೂ ಸಣ್ಣಗೆ ಹಾಕುತ್ತಿದ್ದ.

ಶನಿವಾರ ಗೇಟಿನ ಸಂದಿಯಿಂದ ಆಟ ನೋಡಿದೆ.
ಗೌತಮಪುರದ ಮುದುಕರು, ಬಾಯಿತುಂಬ ಕಡಲೆಕಾಯಿ,
'ಪಾಸ್ ಮಾಡೋ ತೆಪ್ಪ!'
ಅಷ್ಟರಲ್ಲಿ ಮಾಡಿಯಾಗಿತ್ತು.
ಚೆಂಡು ಇಲ್ಲದ ಕಡೆಗೆ ಓಡುತ್ತಾನೆ; ಎದುರಾಳಿ
ಬೆನ್ನುಹತ್ತುತ್ತಾನೆ; ತೆರವಾದ ಜಾಗದಲ್ಲಿ
ನಮ್ಮ ಹತ್ತೊಂಬತ್ತರ ಹುಡುಗ ಗೋಲು ಹೊಡೆಯುತ್ತಾನೆ.
ಪೇಪರಿನಲ್ಲಿ ಹುಡುಗನ ಫೋಟೋ.
ಎಪ್ಪತ್ತೊಂದನೇ ನಿಮಿಷಕ್ಕೆ ಹೊರಗೆ ಕರೆದರು.
ಗೆರೆ ದಾಟಿ, ತಿರುಗಿ, ಮೈದಾನಕ್ಕೆ ಸೊಂಟ ಬಗ್ಗಿಸಿದ.
ಮೊದಲ ಸಲ ನೋಡಿದಾಗ ಏನೋ ಬೀಳಿಸಿಕೊಂಡು
ಹುಡುಕುತ್ತಿದ್ದಾನೆ ಅಂದುಕೊಂಡಿದ್ದೆ.

ಅವನ ಹತ್ತಿರ ಒಂದು ಹಳೇ ಟವಲು, ಬಣ್ಣ ಇಂಥದೆಂದು ಹೇಳಲಾಗದ್ದು.
ಅಂಚಿನಲ್ಲಿ ನೀಲಿ ದಾರದ ನಾಲ್ಕು ಅಕ್ಷರ,
ಇಸ್ಕೂಲಿಗೆ ಹೋಗುವಾಗ ತಾಯಿ ಹೊಲಿದ ಹೆಸರು.
ಕರಾರು ಮುಂದುವರಿಸಲಿಲ್ಲವೆಂದು
ಆಫೀಸಿನ ಹುಡುಗ ಹೇಳಿದ ವಾರವೇ ದಾರ ಬಿಚ್ಚಿಕೊಂಡಿತು.
ಹಳೇ ತೂತುಗಳ ಮೇಲೇ ಸೂಜಿ ನಡೆಸಿದೆ,
ಓದಲು ಬಾರದ್ದನ್ನು ಬರೆದೆ.
ಮೂರನೆಯದರ ನೆತ್ತಿಯ ಮೂಲೆಯಲ್ಲಿ ಪುಟ್ಟ ಸೊನ್ನೆ.
ಸೊನ್ನೆ ಗೊತ್ತು ನನಗೆ, ನಾಲ್ಕನೇ ಕ್ಲಾಸಿನವರೆಗೆ ಓದಿದವಳು:
ಅಕ್ಷರದ ಪಕ್ಕ ನೆಟ್ಟಗೆ ಕೂತು ಮೂಗಿನಲ್ಲಿ ಹಾಡುವುದು.
ಪಾಪ, ಮೇಲೇಕೆ ನೇತುಹಾಕಿದ್ದಾರೆ ಅಂತ
ಕೆಳಗಿಳಿಸಿ, ಗುಂಡಗೆ ಹಾಕಿಬಿಟ್ಟೆ.

ಅವನು ಬೆರಳಾಡಿಸಿ ಓದಿದ. ತುಟಿ ಅಲುಗಿತು.
ಬೇರೆ ಯಾರದೋ ಹೆಸರಾಗಿತ್ತೇನೋ.
ಬಿಚ್ಚಲೇ? ಕತ್ತರಿ ತೋರಿಸಿದೆ.
'ಬೇಡ' ಅಂದ.
ಫೋನು ಜೇಬಿನಲ್ಲೇ ಇತ್ತು.

ಮುಂದೆ ಭೂತಾನಂತೆ. ಅಲ್ಲ, ಊರಿನ ಅದೇ ಮೀನು ಮಾರುಕಟ್ಟೆಯಂತೆ.
ಒಬ್ಬೊಬ್ಬರದು ಒಂದೊಂದು ಮಾತು.
ಇವತ್ತು ಮಷೀನಿನ ಜಾಲರಿ ಬಿಚ್ಚಿದರೆ
ಹಿಡಿತುಂಬ ಕರಿ ಕಾಳು.
ಒಂದೂ ಅವನದಲ್ಲ.
ಕೊಡವದೆ ಅವನು ಏನನ್ನೂ ಕೊಟ್ಟವನಲ್ಲ.